ಅಪ್ಪನ ಹೆಸರೆತ್ತದ ಮನೆ

ಅಪ್ಪ ತೀರಿಕೊಂಡದ್ದು ಮುಳಬಾಗಿಲಿನಿಂದ ಸ್ವಲ್ಪ ಆಚೆ, ಹೆದ್ದಾರಿಯ ಬದಿಯಲ್ಲಿ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ತುಂಬಿಕೊಂಡು ಆಂಧ್ರದ ಕಡೆಗೆ ಹೊರಟಿದ್ದರು. ದಾರಿಯಲ್ಲಿ ಎದೆನೋವು ಬಂದಿರಬೇಕು. ಲಾರಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಡಿಕೇಟರ್ ಹಾಕಿ, ಆಮೇಲೆ ಸ್ಟಿಯರಿಂಗ್ ಮೇಲೆ ತಲೆಯಿಟ್ಟಿದ್ದರು. ಬೆಳಗ್ಗೆ ಯಾರೋ ಹೋಗಿ ನೋಡಿದಾಗಲೂ ಇಂಡಿಕೇಟರ್ ಮಿಣುಕುತ್ತಲೇ ಇತ್ತಂತೆ. ಸಾಯುವಾಗಲೂ ಬೇರೆಯವರ ದಾರಿಗೆ ಅಡ್ಡ ಬರಲಿಲ್ಲ ನೋಡು ಎಂದು ಅವರ ಜೊತೆಯ ಡ್ರೈವರುಗಳು ಹೇಳಿಕೊಂಡು ಅತ್ತರು.

ಆಗ ನಾನು ಏಳನೇ ಕ್ಲಾಸು, ತಮ್ಮ ಎರಡನೇ ಕ್ಲಾಸು. ಮಾಲೂರಿನಲ್ಲಿ, ರೈಲಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ ನಮ್ಮ ಬಾಡಿಗೆ ಮನೆ. ಅಮ್ಮ ಒಂದು ಕಾರ್ಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ತವರು ಬೈರಕೂರಿನ ಕಡೆ, ಆದರೆ ಅಲ್ಲಿ ಹೆತ್ತವರು ಯಾರೂ ಉಳಿದಿರಲಿಲ್ಲ. ಹಾಗಾಗಿ ನಮಗೆ ಅಜ್ಜಿ ಅಂತ ಇದ್ದವಳು ಒಬ್ಬಳೇ, ಟೇಕಲ್ಲಿನಲ್ಲಿದ್ದ ಅಪ್ಪನ ತಾಯಿ. ಬೆಟ್ಟದ ಬುಡದಲ್ಲಿ ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿಕೊಂಡು, ಕನ್ನಡಕ್ಕೆ ತೆಲುಗು ಬೆರೆಸಿ ಜೋರಾಗಿ ಮಾತಾಡಿಕೊಂಡು ಇದ್ದವಳು. ರಜೆ ಸಿಕ್ಕ ಭಾನುವಾರಗಳಲ್ಲಿ ಅಪ್ಪ ನಮ್ಮನ್ನು ಪ್ಯಾಸೆಂಜರ್ ರೈಲಿಗೆ ಹತ್ತಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಹಸು ಈದಿದ್ದರೆ ಗಿಣ್ಣು, ಇಲ್ಲದಿದ್ದರೆ ಹುರಿಹಿಟ್ಟಿಗೆ ಬೆಲ್ಲ.

ನಮ್ಮ ಬೀದಿಯ ತುದಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದವರೊಬ್ಬರು ಇದ್ದರು. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಮುಳಬಾಗಿಲಿನ ಆಸ್ಪತ್ರೆಯಿಂದ ಅಪ್ಪನನ್ನು ಮನೆಗೆ ತರಿಸಿದವರು ಅವರೇ. ಪೊಲೀಸರ ಹತ್ತಿರ ಮಾತಾಡಿದ್ದು, ಅಮ್ಮನ ಕಾರ್ಖಾನೆಗೆ ಹೇಳಿ ರಜೆ ಕೊಡಿಸಿದ್ದು, ಬಂದವರಿಗೆ ಕಾಫಿ ತರಿಸಿದ್ದು ಎಲ್ಲ ಅವರೇ. ಅವರು ದನಿ ಎತ್ತರಿಸಿದ್ದನ್ನು ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ವರ್ಷಾಬ್ದಿಕ ಮುಗಿದ ಮೇಲೆ, ಅಮ್ಮನಿಗೆ ಅವರೊಡನೆ ಮದುವೆಯಾಗು ಎಂದು ಮೊದಲು ಹೇಳಿದವಳು ಸ್ವತಃ ಅಜ್ಜಿಯೇ.

"ನನ್ನ ಮಗ ಇನ್ನು ಬರಲ್ಲ ಕಣಮ್ಮಾ. ನೀನಿನ್ನೂ ಚಿಕ್ಕೋಳು. ಮಕ್ಕಳಿಗೊಂದು ಆಸರೆ ಬೇಕು," ಅಂದಳು. ಅದನ್ನು ಹೇಳುವಾಗ ಅವಳು ಅಮ್ಮನ ಮುಖ ನೋಡದೆ ಹಸುವಿನ ಬೆನ್ನು ಸವರುತ್ತಿದ್ದಳು.

ಮದುವೆ ಒಂದು ಸಣ್ಣ ದೇವಸ್ಥಾನದಲ್ಲಿ ಆಯಿತು. ಅಂದು ಅವರು ನನ್ನನ್ನೂ ತಮ್ಮನನ್ನೂ ಕರೆದು, ನನ್ನನ್ನು ಅಪ್ಪ ಅನ್ನಬೇಡಿ, ಆ ಜಾಗ ನಿಮ್ಮಪ್ಪನದೇ, ಚಿಕ್ಕಪ್ಪ ಅನ್ನಿ ಸಾಕು ಅಂದರು. ಕೇಳಿಸಿಕೊಂಡ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ನನಗೂ ಅವರ ಮೇಲೆ ಗೌರವ ಬಂತು. ಈಗ ಬರೆಯುವಾಗಲೂ 'ಅವರು' ಎಂದೇ ಬರುತ್ತಿದೆ, ಅಭ್ಯಾಸ ಹೋಗಿಲ್ಲ.

ಅವರು ನಮ್ಮ ಮನೆಗೇ ಬಂದು ಸೇರಿದ ಮೇಲೆ ಮೊದಲು ನಡೆದದ್ದು ಫೋಟೋದ ವಿಷಯ. ನಡುಮನೆಯ ಗೋಡೆಯ ಮೇಲೆ ಅಪ್ಪನ ಫೋಟೋ ಇತ್ತು. ಅಮ್ಮ ಶಿಫ್ಟಿಗೆ ಹೋಗಿದ್ದ ಒಂದು ಸಂಜೆ ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ಆ ಫೋಟೋ ನೋಡಿದಾಗೆಲ್ಲ ಅಮ್ಮನಿಗೆ ತಲೆ ಸುತ್ತು ಬರ್ತಾ ಇದೆ ಕಣಮ್ಮಾ. ಬಿಪಿ ಜಾಸ್ತಿ ಇದೆ ಅಂದಿದ್ದಾರೆ ಡಾಕ್ಟರು. ನಿಮಗೆ ಹೇಳಕ್ಕೆ ಅವಳಿಗೆ ಆಗಲ್ಲ. ನೀನು ದೊಡ್ಡೋಳು, ಅರ್ಥ ಮಾಡ್ಕೊಂತೀಯ. ಅವಳ ಮುಂದೆ ಅಪ್ಪನ ಮಾತು ಎತ್ತಬೇಡ. ತಮ್ಮನಿಗೂ ಹೇಳು. ನಾನು ಹೇಳ್ದೆ ಅಂತ ಮಾತ್ರ ಅವಳಿಗೆ ಗೊತ್ತಾಗಬಾರದು."

ಮಾರನೆಯ ದಿನ ಫೋಟೋ ಅಟ್ಟಕ್ಕೆ ಹೋಯಿತು. ಕೆಲಸದಿಂದ ಬಂದ ಅಮ್ಮ ಬರಿ ಗೋಡೆ ನೋಡಿದಳು, ನಮ್ಮಿಬ್ಬರ ಮುಖ ನೋಡಿದಳು, ಹಾಗೇ ಅಡುಗೆಮನೆಗೆ ಹೋದಳು. ಅವಳಿಗೆ ನಿರಾಳವಾಯಿತು ಅಂದುಕೊಂಡೆ.

ಅಂದಿನಿಂದ ನಮ್ಮ ಮನೆಯಲ್ಲಿ ಅಪ್ಪನ ಹೆಸರು ನಿಂತುಹೋಯಿತು. ಲಾರಿ ಅನ್ನುವ ಮಾತೂ ಬರದ ಹಾಗೆ ನೋಡಿಕೊಂಡೆ. ತಮ್ಮ ಊಟದ ನಡುವೆ "ಅಪ್ಪ ಇದ್ದಾಗ" ಎಂದು ಶುರುಮಾಡಿದರೆ ತಟ್ಟೆಯ ಕೆಳಗಿಂದ ಅವನ ತೊಡೆ ಚಿವುಟುತ್ತಿದ್ದೆ. ಅಪ್ಪ ಹೋದರು, ಅಮ್ಮನೂ ಹೋಗಿಬಿಟ್ಟರೆ ಎಂಬ ಭಯ ಅವನಿಗೂ ಹಿಡಿಯಿತು. ಅಮ್ಮ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಇರುತ್ತಿದ್ದಳು. ಹೊರಗೆ ಬಂದಾಗ ಕಣ್ಣು ಕೆಂಪಗಿರುತ್ತಿತ್ತು. ಸೋಪು ಬಿತ್ತು ಅನ್ನುತ್ತಿದ್ದಳು. ನಾವು ನಂಬಿದವರಂತೆ ಇರುತ್ತಿದ್ದೆವು.

ಆಮೇಲೆ ಅಜ್ಜಿ. ಚಿಕ್ಕಪ್ಪ ಅಮ್ಮನಿಗೆ ಹೊಸ ಫೋನು ತಂದುಕೊಟ್ಟರು, ಅದರಲ್ಲಿ ನಂಬರೂ ಹೊಸದು. ಅಜ್ಜಿಯ ಫೋನು ಬರುವುದು ನಿಂತಿತು. ಎರಡನೆಯ ವರ್ಷದ ತಿಥಿ ಹತ್ತಿರ ಬಂದಾಗ ನಾನು ಟೇಕಲ್ಲಿಗೆ ಹೋಗೋಣ ಅಂದೆ. ಅವರು ಹೇಳಲು ಮನಸ್ಸಿಲ್ಲದವರ ಹಾಗೆ ಹೇಳಿದರು: ಅಜ್ಜಿಗೆ ಈಗ ನಿಮ್ಮನ್ನು ಕಂಡರಾಗದು. ಸೊಸೆ ಬೇರೆ ಮದುವೆಯಾದದ್ದಕ್ಕೆ ಊರಿನವರು ಆಡಿಕೊಳ್ಳುತ್ತಿದ್ದಾರೆ, ಮಕ್ಕಳು ನನ್ನ ಹೊಸ್ತಿಲು ತುಳಿಯಬಾರದು ಅಂದಿದ್ದಾಳೆ. ಮದುವೆಯಾಗು ಎಂದು ಹೇಳಿದ್ದೇ ಅಜ್ಜಿಯಲ್ಲವೇ ಎಂದು ಕೇಳಿದೆ. ವಯಸ್ಸಾದವರ ಮನಸ್ಸು ತಿರುಗುತ್ತೆ ಕಣಮ್ಮಾ, ಬೇಜಾರು ಮಾಡ್ಕೋಬೇಡ ಎಂದು ತಲೆ ಸವರಿದರು.

ಒಂದು ಸಲ ಮಾತ್ರ ಅನುಮಾನ ಬಂತು. ಹತ್ತನೇ ಕ್ಲಾಸಿನಲ್ಲಿದ್ದಾಗ ಮಾಲೂರು ಸ್ಟೇಷನ್ನಿನಲ್ಲಿ ಟೇಕಲ್ಲಿನ ಡೈರಿಯ ಹೆಂಗಸೊಬ್ಬಳು ನನ್ನನ್ನು ಗುರುತು ಹಿಡಿದು ಮಾತಾಡಿಸಿದಳು. ನಿಮ್ಮ ಚಿಕ್ಕಪ್ಪ ಹೋದ ವಾರ ಬಂದಿದ್ದರಲ್ಲ, ಅಜ್ಜಿಗೆ ಹಣ್ಣು ತಂದುಕೊಟ್ಟು ಹೋದರು, ಎಂಥ ಒಳ್ಳೆಯ ಮನುಷ್ಯ ಅಂದಳು. ನನಗೆ ದಿಕ್ಕು ತಪ್ಪಿದಂತಾಯಿತು. ಮನೆಗೆ ಬಂದು ನೇರವಾಗಿ ಅವರನ್ನೇ ಕೇಳಿದೆ. ಅವರ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಹೌದು, ಆಗಾಗ ಹೋಗಿ ನಿಮ್ಮ ಪರವಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ, ಆ ಮುದುಕಿಯ ಮನಸ್ಸು ಕರಗುತ್ತಿಲ್ಲ ಅಂದರು. ಅಮ್ಮನಿಗೆ ಹೇಳಬೇಡ, ನೊಂದುಕೊಳ್ಳುತ್ತಾಳೆ ಎಂದೂ ಸೇರಿಸಿದರು. ಆ ಸಂಜೆ ಅವರ ಮೇಲೆ ನನಗೆ ಎಷ್ಟು ಕೃತಜ್ಞತೆ ಬಂತೆಂದರೆ ಅವರ ತಟ್ಟೆಗೆ ನಾನೇ ಮುದ್ದೆ ಬಡಿಸಿದೆ.

ತಮ್ಮ ಮಾತು ಕಡಿಮೆ ಮಾಡುತ್ತಾ ಬಂದಿದ್ದ. ಅವನು ಆರನೇ ಕ್ಲಾಸಿಗೆ ಬಂದಾಗ ಶ್ರೀನಿವಾಸಪುರದ ಒಂದು ಹಾಸ್ಟೆಲ್ ಶಾಲೆಗೆ ಸೇರಿಸಿದರು. ಅವನೇ ಆಸೆಪಟ್ಟು ಕೇಳಿದ್ದಾನೆ ಎಂದು ಚಿಕ್ಕಪ್ಪ ಅಮ್ಮನಿಗೂ ನನಗೂ ಹೇಳಿದರು. ಹೊರಡುವ ದಿನ ಅವನು ಅಳಲಿಲ್ಲ. ಅಮ್ಮ ಅವನ ಗಲ್ಲ ಹಿಡಿಯಲು ಹೋದರೆ ಮುಖ ತಿರುಗಿಸಿಕೊಂಡ. ಗಂಡುಮಕ್ಕಳೇ ಹಾಗೆ ಎಂದು ಅಮ್ಮ ತನಗೆ ತಾನೇ ಹೇಳಿಕೊಂಡಳು. ಆಮೇಲೆ ಅವನನ್ನು ನೋಡಲು ಹೋಗುತ್ತಿದ್ದವರು ಚಿಕ್ಕಪ್ಪ ಒಬ್ಬರೇ. ಅಮ್ಮನನ್ನು ನೋಡಿದರೆ ಹುಡುಗ ವಾರಗಟ್ಟಲೆ ಓದು ಬಿಡುತ್ತಾನೆ, ತಾಯಿಯನ್ನು ಕರೆತರಬೇಡಿ ಅಂತ ವಾರ್ಡನ್ ಹೇಳಿದ್ದಾರೆ ಎಂದರು. ರಜೆಗೆ ಮನೆಗೆ ಬಂದರೆ ಅವನು ಗೋಡೆಗೆ ಮುಖಮಾಡಿಕೊಂಡು ಊಟ ಮಾಡುತ್ತಿದ್ದ. ಪ್ರತಿ ಸಲವೂ ತಲೆ ನುಣ್ಣಗೆ ಬೋಳಿಸಿಕೊಂಡೇ ಬರುತ್ತಿದ್ದ. ಹಾಸ್ಟೆಲಿನಲ್ಲಿ ಹೇನು ಜಾಸ್ತಿ ಅಂತ ಚಿಕ್ಕಪ್ಪ ಅಂದರು.

ನಾನು ಡಿಗ್ರಿ ಓದಲು ಕೋಲಾರದ ಕಾಲೇಜಿಗೆ ಸೇರಿದ ವರ್ಷ, ಮಾವಿನ ಸುಗ್ಗಿಯಲ್ಲಿ ಒಂದು ದಿನ ಪಾಠವಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಶ್ರೀನಿವಾಸಪುರದ ಬಸ್ಸು ನಿಂತಿತ್ತು. ಯಾಕೋ ತಮ್ಮನನ್ನು ನೋಡಬೇಕು ಅನ್ನಿಸಿತು. ಯಾರಿಗೂ ಹೇಳದೆ ಹತ್ತಿ ಕುಳಿತೆ. ದಾರಿಯುದ್ದಕ್ಕೂ ಮಾವಿನಕಾಯಿ ತುಂಬಿದ ಟ್ರ್ಯಾಕ್ಟರುಗಳು. ಬಸ್ಸಿನೊಳಗೆಲ್ಲ ಸೊನೆಯ ವಾಸನೆ.

ಹಾಸ್ಟೆಲಿನಲ್ಲಿ ವಾರ್ಡನ್ ಒಳ್ಳೆಯವರೇ. ಅಂತೂ ಮನೆಯ ಹೆಣ್ಣುಮಕ್ಕಳೊಬ್ಬರು ಬಂದಿರಲ್ಲ, ತಾಯಿಗೆ ಕಾಯಿಲೆ ಈಗ ಹೇಗಿದೆ ಎಂದು ಕೇಳಿದರು. ಬಿಪಿ ಬಿಟ್ಟರೆ ಅಮ್ಮನಿಗೆ ಯಾವ ಕಾಯಿಲೆ ಎಂದು ನನಗೆ ಹೊಳೆಯಲಿಲ್ಲ. ತಮ್ಮನನ್ನು ಕರೆಸಿದರು. ಹದಿಮೂರು ವರ್ಷಕ್ಕೇ ಉದ್ದವಾಗಿ ಬೆಳೆದಿದ್ದ. ತಲೆ ಬೋಳು. ಅಂಗಳದ ಹುಣಸೆ ಮರದ ಕೆಳಗೆ ಕುಳಿತೆವು. ನೆಲ ನೋಡುತ್ತಲೇ ಅವನು ಕೇಳಿದ:

"ಅಕ್ಕ, ಅಮ್ಮನಿಗೆ ಈಗ ಪರವಾಗಿಲ್ವಾ? ನನ್ನ ಮುಖ ನೋಡಿದ್ರೆ ಇನ್ನೂ ಹಂಗೇ ಆಗುತ್ತಾ?"

ಹಾಗೇ ಅಂದರೆ ಹೇಗೆ ಎಂದು ಕೇಳಿದೆ. ಅವನು ತಡೆದು ತಡೆದು ಹೇಳಿದ. ನೀನು ನಿಮ್ಮಪ್ಪನ ಪಡಿಯಚ್ಚು, ನಿನ್ನನ್ನು ನೋಡಿದಾಗೆಲ್ಲ ನಿಮ್ಮಮ್ಮನ ಎದೆ ಹಿಡಿದುಕೊಳ್ಳುತ್ತೆ, ಅವಳು ಉಳಿಯಬೇಕಾದರೆ ನೀನು ಸ್ವಲ್ಪ ಕಾಲ ದೂರ ಇರಬೇಕು, ನೀನೇ ಹಾಸ್ಟೆಲ್ ಬೇಕು ಅಂತ ಕೇಳು, ಆಗ ಅವಳಿಗೆ ನೋವಾಗಲ್ಲ. ಚಿಕ್ಕಪ್ಪ ಅವನಿಗೆ ಹಾಗೆ ಹೇಳಿಕೊಟ್ಟಿದ್ದರು.

"ತಲೆ ಯಾಕೋ ಬೋಳಿಸ್ಕೊಂತೀಯ?" ಅಂದೆ. ಕೇಳುವ ಮೊದಲೇ ನನಗೆ ಗೊತ್ತಾಗಿಹೋಗಿತ್ತು.

"ಕೂದಲು ಬಂದ್ರೆ ಗುಂಗುರು ಆಗುತ್ತಲ್ಲ ಅಕ್ಕ. ಅಪ್ಪನ ಥರಾನೇ ಕಾಣ್ತೀನಿ."

ಆ ಮರದ ಕೆಳಗೆ ನಾನು ಅತ್ತದ್ದು ನೋಡಿ ಅವನಿಗೆ ಗಾಬರಿಯಾಯಿತು. ಅಮ್ಮನಿಗೇನೋ ಆಗಿಹೋಗಿದೆ, ಅದಕ್ಕೇ ಅಕ್ಕ ಬಂದಿದ್ದಾಳೆ ಅಂದುಕೊಂಡ. ಇಲ್ಲ ಕಣೋ, ಅಮ್ಮನಿಗೆ ಅಂಥ ಕಾಯಿಲೆಯೇನೂ ಇಲ್ಲ, ದಿನಾ ಕೆಲಸಕ್ಕೆ ಹೋಗ್ತಾಳೆ, ನೀನೇ ಬೇಕು ಅಂತ ಹೋದೆ ಅಂದುಕೊಂಡಿದ್ದಾಳೆ ಅಂದೆ. ಅವನು ನಂಬಲಿಲ್ಲ. ನನಗೂ ಎಲ್ಲವನ್ನೂ ನಂಬುವ ಧೈರ್ಯ ಬರಲಿಲ್ಲ. ಚಿಕ್ಕಪ್ಪ ತಮ್ಮನಿಗೆ ಸುಳ್ಳು ಹೇಳಿದ್ದರೆ ನನಗೂ ಹೇಳಿರಬಹುದು. ಹಾಗಾದರೆ ಟೇಕಲ್ಲಿನ ಅಜ್ಜಿಯ ಮಾತೂ ಸುಳ್ಳಿರಬಹುದು. ವಾರ್ಡನ್ ಹತ್ತಿರ, ಅಜ್ಜಿಯನ್ನು ನೋಡಿ ಬರುತ್ತೇವೆ ಎಂದು ಬೇಡಿಕೊಂಡು ಅವನನ್ನು ಹೊರಡಿಸಿದೆ.

ಕೋಲಾರಕ್ಕೆ ಬಂದು, ಬಂಗಾರಪೇಟೆಗೆ ಹೋಗಿ, ಅಲ್ಲಿಂದ ರೈಲು ಹಿಡಿದೆವು. ಅಜ್ಜಿ ಬಾಗಿಲು ಹಾಕಿಕೊಂಡರೆ ಏನು ಮಾಡೋಣ ಎಂದು ಅವನೊಮ್ಮೆ ಕೇಳಿದ. ವಾಪಸ್ ಬರೋಣ ಅಂದೆ. ಟೇಕಲ್ಲಿನಲ್ಲಿ ಇಳಿದಾಗ ಬಿಸಿಲು ಇಳಿಯತೊಡಗಿತ್ತು. ಅಜ್ಜಿಯ ಮನೆಯ ಓಣಿಗೆ ತಿರುಗುವಾಗ ಅವನು ನನ್ನ ಕೈ ಹಿಡಿದುಕೊಂಡ. ಏಳು ವರ್ಷದವನಿದ್ದಾಗ ಹಿಡಿದುಕೊಳ್ಳುತ್ತಿದ್ದ ಹಾಗೆ, ಬರೀ ಎರಡು ಬೆರಳು.

ಅಜ್ಜಿ ಜಗುಲಿಯಲ್ಲಿ ಕುಳಿತು ಹುಲ್ಲು ಬಿಡಿಸುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ಯಾರು ಅಂದಳು. ನಾನು ಹೇಳಿದೆ. ಅವಳು ಏಳಲು ಹೋಗಿ ಏಳಲಾರದೆ ಅಲ್ಲೇ ಕೂತಳು. ಬೈಯಲಿಲ್ಲ. ಬಹಳ ಹೆದರಿದ ದನಿಯಲ್ಲಿ ಕೇಳಿದಳು:

"ಏಮಿ ನಾಯನಾ, ನನ್ನ ಮೇಲಿನ ಕೋಪ ಹೋಯ್ತಾ?"

ಚಿಕ್ಕಪ್ಪ ಅವಳಿಗೆ ಹೇಳಿದ್ದ ಕಥೆ ಬೇರೆ. ಮಕ್ಕಳು ನಿಮ್ಮನ್ನು ನೋಡಿದರೆ ಅಪ್ಪನ ನೆನಪಾಗಿ ಊಟ ಬಿಡುತ್ತಾರೆ, ಜ್ವರ ಬರುತ್ತೆ, ಇನ್ನು ಟೇಕಲ್ಲಿಗೆ ಬರಲ್ಲ ಅಂತ ಹಟ ಹಿಡಿದಿದ್ದಾರೆ. ನೀವೇ ದೊಡ್ಡ ಮನಸ್ಸು ಮಾಡಿ ದೂರ ಇರಿ. ಅದಕ್ಕಾಗಿ ಅವಳು ದೂರ ಇದ್ದಳು. ಮಗನ ತಿಥಿಯನ್ನು ಪ್ರತಿ ವರ್ಷ ಒಬ್ಬಳೇ ಮಾಡಿದ್ದಳು. ಒಂದು ಸಲ ತಡೆಯಲಾರದೆ ಗಿಣ್ಣು ಕಟ್ಟಿಕೊಂಡು ಮಾಲೂರಿನವರೆಗೆ ಬಂದು, ನಮ್ಮ ಬೀದಿಯ ತುದಿಯಲ್ಲಿ ಅವರ ಅಂಗಡಿಯಲ್ಲೇ ಕುಳಿತಿದ್ದು, ಮಕ್ಕಳು ಬೇಡ ಅಂದರಂತೆ ಎಂದು ಕೇಳಿ ವಾಪಸ್ ಹೋಗಿದ್ದಳು. ಆದರೂ ನಿಮ್ಮ ಚಿಕ್ಕಪ್ಪ ಒಳ್ಳೆಯವನು ನಾಯನಾ, ಆಗಾಗ ಬಂದು ನಿಮ್ಮ ಸುದ್ದಿ ಹೇಳ್ತಾನೆ ಅಂದಳು. ಅಂಥ ಮಾತು ನಾವು ಆಡಿಯೇ ಇಲ್ಲ ಅಂದ ಮೇಲೆ ಅವಳಿಗೇ ನಿಧಾನವಾಗಿ ತಿಳಿಯಿತು. ತಮ್ಮನನ್ನು ಹತ್ತಿರ ಕರೆದು, ಕಣ್ಣು ಕಾಣದ್ದಕ್ಕೆ ಅವನ ಮುಖವನ್ನೆಲ್ಲ ಕೈಯಿಂದ ಮುಟ್ಟಿ ನೋಡಿದಳು. ಅವನು ಮುಖ ತಿರುಗಿಸಿಕೊಳ್ಳಲಿಲ್ಲ.

ನೆರೆಮನೆಯವರಿಗೆ ಹಸು ನೋಡಿಕೊಳ್ಳಲು ಹೇಳಿ ಅಜ್ಜಿಯೂ ನಮ್ಮೊಡನೆ ಮಾಲೂರಿಗೆ ಹೊರಟಳು.

ಅಂದು ಅಮ್ಮನಿಗೆ ವಾರದ ರಜೆ. ಸೊಪ್ಪು ಬಿಡಿಸುತ್ತಾ ಕುಳಿತಿದ್ದಳು. ಬಾಗಿಲಲ್ಲಿ ಅತ್ತೆಯನ್ನೂ ಮಗನನ್ನೂ ಒಟ್ಟಿಗೆ ನೋಡಿ ಸೊಪ್ಪು ಕೈಯಿಂದ ಜಾರಿತು. ನಾನು ಎಲ್ಲವನ್ನೂ ಹೇಳಿದೆ; ಅತ್ತೆಯ ಕೋಪದ ಕಥೆಯನ್ನು ಅವಳಿಗೂ ಹೇಳಿ ನಂಬಿಸಿದ್ದರಂತೆ. ಅವಳು ನಡುವೆ ಒಂದೇ ಒಂದು ಮಾತು ಕೇಳಿದಳು: "ಫೋಟೋ ತೆಗೀರಿ ಅಂದೋರು ನೀವೇ ಅಲ್ವಾ? ನೋಡಿದ್ರೆ ಭಯ ಆಗುತ್ತೆ, ರಾತ್ರಿ ಬೆಚ್ಚಿ ಬೀಳ್ತೀವಿ ಅಂತ?"

ನಾವು ಅನ್ನಲಿಲ್ಲ ಅಂದೆ. ನಮಗಾಗಿ ಅವಳು ಬಾಯಿ ಮುಚ್ಚಿಕೊಂಡಿದ್ದಳು. ಅವಳಿಗಾಗಿ ನಾವು. ಅಷ್ಟೂ ವರ್ಷ ಒಂದೇ ಮನುಷ್ಯನಿಗಾಗಿ ಮೂವರೂ ಮೂರು ಮೂಲೆಗಳಲ್ಲಿ ಅತ್ತಿದ್ದೆವು.

ಚಿಕ್ಕಪ್ಪ ಸಂಜೆಯ ಕಾಫಿಗೆ ಮನೆಗೆ ಬಂದರು. ಎಲ್ಲರನ್ನೂ ಒಂದು ಸಲ ನೋಡಿ, ಕೈಕಾಲು ತೊಳೆದುಕೊಂಡು ಬಂದು ಕುಳಿತರು. ಎಲ್ಲರ ಒಳ್ಳೆಯದಕ್ಕೇ ಮಾಡಿದ್ದು, ನೀವು ಮೂರು ಜನ ಅಳುತ್ತಾ ಕೂತಿದ್ದರೆ ಈ ಮನೆ ನಡೆಯುತ್ತಿತ್ತೇ ಅಂದರು. ದನಿ ಆಗಲೂ ಏರಲಿಲ್ಲ.

"ನಾನು ಯಾರ ಮೇಲಾದರೂ ಕೈ ಎತ್ತಿದೀನಾ? ಒಂದು ದಿನ ಉಪವಾಸ ಕೆಡವಿದೀನಾ? ಹೇಳಲಿ."

"ಹೊಡೆದಿದ್ರೆ ನಮಗೆ ಗೊತ್ತಾದ್ರೂ ಆಗ್ತಿತ್ತು," ಅಂದಳು ಅಮ್ಮ.

ಆಗ ಅವರು ನನ್ನ ಕಡೆ ಕೈ ತೋರಿಸಿ, ಬಹಳ ಮೆತ್ತಗೆ, ಇವಳು ಕೋಲಾರದಲ್ಲಿ ಯಾರ ಜೊತೆ ಓಡಾಡುತ್ತಾಳೆ ಕೇಳು, ಅದು ಹೊರಗೆ ಬರಬಾರದು ಅಂತಲೇ ಈ ಕಥೆ ಕಟ್ಟಿದ್ದಾಳೆ ಅಂದರು. ಅದು ಶುದ್ಧ ಸುಳ್ಳು. ಆದರೂ ಅಮ್ಮನ ಕಣ್ಣು ಒಂದು ಗಳಿಗೆ ನನ್ನ ಮೇಲೆ ತಿರುಗಿತು. ನಂಬಿಸುವುದು ಇಷ್ಟು ಸುಲಭವೇ ಅನ್ನಿಸಿತು. ಅಷ್ಟರಲ್ಲಿ ಗೋಡೆಗೆ ಒರಗಿ ಕುಳಿತಿದ್ದ ಅಜ್ಜಿ, "ಇನ್ನು ಸಾಕು ಬಿಡಪ್ಪಾ. ನನ್ನೆದುರಿಗೇ ಅಬದ್ಧ ಹೇಳ್ಬೇಡ," ಅಂದಳು. ಅಮ್ಮ ಎದ್ದು ಬಟ್ಟೆ ಜೋಡಿಸತೊಡಗಿದಳು.

ಬಿಟ್ಟುಬರುವುದು ಅಷ್ಟು ನೇರವಾಗಿ ಆಗಲಿಲ್ಲ. ಬೀದಿಯವರು, ಕಾರ್ಖಾನೆಯ ಹೆಂಗಸರು ಎಲ್ಲರೂ ಅಮ್ಮನಿಗೆ ಬುದ್ಧಿ ಹೇಳಿದರು. ಕುಡಿಯಲ್ಲ, ಹೊಡೆಯಲ್ಲ, ಇಂಥ ಗಂಡನನ್ನು ಬಿಡುತ್ತಾರೆಯೇ ಎಂದು. ಅಮ್ಮ ಒಮ್ಮೆ ವಾಪಸ್ಸೂ ಹೋದಳು. ಆ ಕೆಲವು ತಿಂಗಳಲ್ಲಿ ಅವಳು ಇನ್ನೂ ಸೊರಗಿದಳು. ಒಂದು ದಿನ ಕೆಲಸ ಮುಗಿಸಿಕೊಂಡು ಮನೆಗೆ ಹೋಗದೆ ನೇರ ರೈಲು ಹತ್ತಿ ಟೇಕಲ್ಲಿಗೆ ಬಂದಳು. ಆಮೇಲೆ ಹೋಗಲಿಲ್ಲ. ಅಲ್ಲಿಂದಲೇ ದಿನಾ ಮಾಲೂರಿಗೆ ಕೆಲಸಕ್ಕೆ ಓಡಾಡಿದಳು. ತಮ್ಮ ಹಾಸ್ಟೆಲ್ ಬಿಟ್ಟು ಟೇಕಲ್ಲಿನ ಶಾಲೆಗೆ ಸೇರಿದ. ಚಿಕ್ಕಪ್ಪ ಹಾಗೇಕೆ ಮಾಡಿದರೋ ನನಗೆ ಇಂದಿಗೂ ಪೂರ್ತಿ ತಿಳಿದಿಲ್ಲ. ಸತ್ತವನ ಮೇಲೂ ಹೊಟ್ಟೆಕಿಚ್ಚು ಇರುತ್ತೆ ಎಂದು ಅಜ್ಜಿ ಅನ್ನುತ್ತಿದ್ದಳು.

ಟೇಕಲ್ಲಿಗೆ ಬಂದ ಮೇಲೆ ನಾವು ಅಪ್ಪನ ಬಗ್ಗೆ ಮಾತಾಡಬಹುದಿತ್ತು. ಆದರೆ ಹೇಗೆ ಶುರುಮಾಡಬೇಕೆಂದೇ ಮೂವರಿಗೂ ಮರೆತುಹೋಗಿತ್ತು. ಅಜ್ಜಿ ಏನಾದರೂ ನೆನಪು ತೆಗೆದರೆ ಅಮ್ಮ ಅಭ್ಯಾಸಬಲದಿಂದ ನಮ್ಮ ಮುಖ ನೋಡುತ್ತಿದ್ದಳು, ನಾನು ಅಮ್ಮನ ಮುಖ ನೋಡುತ್ತಿದ್ದೆ. ಒಂದು ಸಂಜೆ ತಮ್ಮ, ಅಪ್ಪನ ದನಿ ಹೇಗಿತ್ತು ಎಂದು ಕೇಳಿದ. ದಪ್ಪವೋ ಸಣ್ಣದೋ, ಹಾಡುತ್ತಿದ್ದರೋ ಇಲ್ಲವೋ, ಅವನಿಗೆ ಏನೂ ನೆನಪಿರಲಿಲ್ಲ. ಹೇಳಲು ಹೋದರೆ ನನಗೂ ಸರಿಯಾಗಿ ಸಿಗಲಿಲ್ಲ. ಮೊದಲ ವರ್ಷಗಳಲ್ಲಿ ದಿನಾ ಒಂದೊಂದು ಮಾತು ಆಡಿಕೊಂಡಿದ್ದರೆ ಅವನಲ್ಲಿ ಒಂದಿಷ್ಟು ಅಪ್ಪ ಉಳಿಯುತ್ತಿದ್ದರು. ಅಮ್ಮ ಎದ್ದು ಕೊಟ್ಟಿಗೆಗೆ ಹೋದಳು. ಅಲ್ಲಿ ಅವಳು ಗಟ್ಟಿಯಾಗಿ ಅತ್ತದ್ದನ್ನು ನಾನು ಮೊದಲ ಸಲ ಕೇಳಿದೆ. ಯಾರೂ ಹೋಗಿ ಸುಮ್ಮನಿರಿಸಲಿಲ್ಲ.

ಮುಂದಿನ ಚಳಿಗಾಲದಲ್ಲಿ ಅಜ್ಜಿ ಹೋದಳು. ಕಡೆಯ ದಿನಗಳಲ್ಲಿ ತಮ್ಮ ಅವಳ ಪಕ್ಕದಲ್ಲೇ ಮಲಗುತ್ತಿದ್ದ. ಒಂದೊಂದು ಸಲ ಅವಳು ಅವನನ್ನು ಅಪ್ಪನ ಹೆಸರಿನಿಂದಲೇ ಕರೆಯುತ್ತಿದ್ದಳು. ಅವನು ಓಗೊಡುತ್ತಿದ್ದ.

ಈಗ ನಾನು ಮದುವೆಯಾಗಿ ಕೋಲಾರದಲ್ಲಿದ್ದೇನೆ. ತಮ್ಮ ನರಸಾಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ, ಅಮ್ಮ ಅವನ ಜೊತೆಗಿದ್ದಾಳೆ. ತಮ್ಮನ ಮಾತು ಈಗಲೂ ಕಡಿಮೆ. ಹೋದ ವರ್ಷ ಯಾವುದೋ ಕೆಲಸಕ್ಕೆ ಮಾಲೂರಿಗೆ ಹೋಗಿದ್ದೆ. ಸ್ಟೇಷನ್ನಿನಲ್ಲಿ ಚಿಕ್ಕಪ್ಪ ಎದುರಾದರು. ವಯಸ್ಸಾಗಿತ್ತು. ಅಮ್ಮ ಹೇಗಿದ್ದಾಳೆ, ಚೆನ್ನಾಗಿದ್ದೀಯೇನಮ್ಮಾ ಎಂದು ವಿಚಾರಿಸಿದರು. ಹೋಗುವ ಮುಂಚೆ, ನಿನ್ನ ತಮ್ಮ ಮೊನ್ನೆ ಅಂಗಡಿಗೆ ಬಂದಿದ್ದ, ಮದುವೆಯಾದ ಮೇಲೆ ಅಕ್ಕ ಬದಲಾಗಿಬಿಟ್ಟಳು, ಅಮ್ಮನ ಭಾರವನ್ನೆಲ್ಲ ನನ್ನ ಮೇಲೆ ಹಾಕಿದಳು ಅಂತ ಬಹಳ ನೊಂದುಕೊಂಡ, ನಾನು ಹೇಳ್ದೆ ಅಂತ ಕೇಳಬೇಡ ಅಂದರು.

ರೈಲು ಬಂತು, ಹತ್ತಿದೆ. ಕಿಟಕಿಯ ಪಕ್ಕ ಕುಳಿತಾಗ ನನಗೆ ತಮ್ಮನ ಮೇಲೆ ನಿಜವಾಗಿಯೂ ನೋವಾಗಿತ್ತು. ಹಾಗಂದಿರಬಹುದು, ಅವನು ಯಾವತ್ತೂ ಬಾಯಿ ಬಿಟ್ಟು ಹೇಳುವವನಲ್ಲ ಎಂದು ಏನೇನೋ ಯೋಚಿಸುತ್ತಿದ್ದೆ. ರೈಲು ಹೊರಟ ಮೇಲೆ ಫೋನು ಮಾಡಿದೆ.

"ಇಲ್ಲ ಅಕ್ಕ. ನಾನು ಆ ಬೀದಿಗೇ ಕಾಲಿಟ್ಟಿಲ್ಲ," ಅಂದ. ಆಮೇಲೆ ಕೇಳಿದ, "ನೀನು ನಂಬಿದ್ಯಾ?"

"ನಂಬಿದ್ದೆ ಕಣೋ. ಈಗಿನವರೆಗೂ."

ಆ ಕಡೆಯಿಂದ ಕಾರ್ಖಾನೆಯ ಸದ್ದು ಕೇಳುತ್ತಿತ್ತು. "ಈ ಸಲ ನನ್ನನ್ನೇ ಕೇಳಿದ್ಯಲ್ಲ, ಬಿಡು," ಅಂದ. ಊಟ ಆಯ್ತಾ ಎಂದು ವಿಚಾರಿಸಿದ. ಅಮ್ಮನಿಗೂ ಒಂದು ಫೋನು ಮಾಡು, ಬೆಳಗ್ಗೆಯಿಂದ ನಿನ್ನನ್ನೇ ನೆನೆಸಿಕೊಂತಾ ಇದ್ದಾಳೆ ಅಂದ. ಮಾಡಿದೆ.